ಮಳೆಗಾಲದಲ್ಲಿ ಕಟ್ಟಿ, ಚಳಿಗಾಲದಲ್ಲಿ ಬಣ್ಣ ಹೊಡೆಯಿರಿ: ಮಲೆನಾಡಿನ ಮನೆಯಲ್ಲಿ ಹರಿಕೇನ್ ಯುದ್ಧವಿಮಾನದ ಮಾಡೆಲ್

ಎರಡನೇ ಮಹಾಯುದ್ಧದ ಫೈಟರ್ ಮಾಡೆಲ್ ಕಟ್ಟಬೇಕು ಅಂದ ಕೂಡಲೇ ಹೆಚ್ಚಿನವರ ಕೈ ಸ್ಪಿಟ್‌ಫೈರ್ ಡಬ್ಬಿಯ ಕಡೆ ಹೋಗುತ್ತದೆ. ನಾನು ಹೇಳುವುದು, ಮೊದಲು ಹರಿಕೇನ್ ಕಟ್ಟಿ. ಇದು ನಮ್ಮವರು ಹಾರಿಸಿದ ವಿಮಾನ. 1944ರಲ್ಲಿ ಜಪಾನಿ ಸೈನ್ಯ ಇಂಫಾಲವನ್ನು ಮುತ್ತಿದಾಗ ಅಲ್ಲಿದ್ದ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ ಹಾರಿಸುತ್ತಿದ್ದದ್ದು ಹರಿಕೇನನ್ನೇ. ಆಗ ಅದರ ಮುಖ್ಯಸ್ಥರಾಗಿದ್ದವರು ಅರ್ಜನ್ ಸಿಂಗ್. ಅದೇ ವರ್ಷ ಅವರಿಗೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಸಿಕ್ಕಿತು. ಮುಂದೆ 2002ರಲ್ಲಿ ಮಾರ್ಷಲ್ ಆಫ್ ದಿ ಏರ್ ಫೋರ್ಸ್ ಆದರು. ಆ ಯುದ್ಧ ನಡೆದದ್ದು ಗುಡ್ಡ, ಕಾಡು, ಮಳೆಯ ನಡುವೆ. ಮಲೆನಾಡಿನವರಿಗೆ ಅಂಥ ಜಾಗ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಕಾರಣ ವಿಮಾನದ ಮೈಯಲ್ಲೇ ಇದೆ. ಸಿಡ್ನಿ ಕ್ಯಾಮ್ ರೂಪಿಸಿದ ಈ ವಿಮಾನ ಮೊದಲು ಹಾರಿದ್ದು 1935ರ ನವೆಂಬರ್ 6ರಂದು. ಹಳೆಯ ಕಾಲದ ರಚನೆ. ಮೂತಿಯಿಂದ ಕಾಕ್‌ಪಿಟ್ ತನಕ ಲೋಹದ ತಗಡು. ಅಲ್ಲಿಂದ ಹಿಂದಕ್ಕೆ ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಮರದ ಪಟ್ಟಿಗಳು, ಅದರ ಮೇಲೆ ಬಿಗಿದ ಬಟ್ಟೆ. ಬಾಲವೂ ಬಟ್ಟೆಯದೇ. ರೆಕ್ಕೆ ಮೊದಮೊದಲು ಬಟ್ಟೆಯದಿತ್ತು, ನಂತರ ಲೋಹದ್ದಾಯಿತು. ಆದರೆ ರೆಕ್ಕೆಯ ಹಿಂಬದಿಯಲ್ಲಿ ಅಲುಗಾಡುವ ಏಲಿರಾನ್‌ಗಳು ಬಟ್ಟೆಯವಾಗಿಯೇ ಉಳಿದವು. ಬಟ್ಟೆ ಎಲ್ಲಿ, ಲೋಹ ಎಲ್ಲಿ ಅನ್ನುವುದು ಕೊನೆ ತನಕ ತಲೆಯಲ್ಲಿರಲಿ. ಉಜ್ಜುವಾಗ, ಗೆರೆಗಳಿಗೆ ಕಪ್ಪು ತುಂಬುವಾಗ, ಬಣ್ಣ ಕಿತ್ತುಹೋದಂತೆ ತೋರಿಸುವಾಗ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅಂದವಾಗಿ ಬಣ್ಣ ಹಚ್ಚಿದ ಎಷ್ಟೋ ಹರಿಕೇನ್‌ಗಳು ಈ ಒಂದು ವಿಷಯದಲ್ಲಿ ಸೋಲುತ್ತವೆ.

ಕಿಟ್, ಅಂದರೆ ಬಿಡಿಭಾಗಗಳ ಡಬ್ಬಿ, 1/72 ಅಳತೆಯದ್ದು (ನಿಜವಾದ ವಿಮಾನದ 72ರಲ್ಲಿ ಒಂದು ಪಾಲು) ಸಾಕು. ನಿಜವಾದ ಹರಿಕೇನ್‌ನ ರೆಕ್ಕೆ ತುದಿಯಿಂದ ತುದಿಗೆ 12.19 ಮೀಟರ್. 1/72ರಲ್ಲಿ ಅದು ಸುಮಾರು 17 ಸೆಂ.ಮೀ. ಆಗುತ್ತದೆ. ಪುಸ್ತಕದ ಕಪಾಟಿನಲ್ಲಿ ಕೂರುತ್ತದೆ. ಪೋಲೆಂಡಿನ ಆರ್ಮಾ ಹಾಬಿ ಕಂಪನಿಯ ಮಾರ್ಕ್ 2ಸಿ (ಹರಿಕೇನ್‌ನ ಒಂದು ಮಾದರಿ) ಕಿಟ್‌ನಲ್ಲಿ ಬಟ್ಟೆಯ ಮೇಲ್ಮೈ ತುಂಬಾ ಚೆನ್ನಾಗಿ ಮೂಡಿದೆ. ರೆವೆಲ್, ಹಾಸೆಗಾವಾ ಕಿಟ್‌ಗಳಿಂದಲೂ ಒಳ್ಳೆಯ ಮಾಡೆಲ್ ಆಗುತ್ತದೆ, ಕೆಲಸ ಸ್ವಲ್ಪ ಜಾಸ್ತಿ.

ಕೆಲಸದ ಕ್ಯಾಲೆಂಡರ್

ಕಿಟ್ ಜೊತೆ ಬರುವ ಹಾಳೆಯಲ್ಲಿ ಹವೆಯ ಮಾತೇ ಇರುವುದಿಲ್ಲ. ನಮಗೆ ಅದೇ ಮುಖ್ಯ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ. ತೀರ್ಥಹಳ್ಳಿ, ಹೊಸನಗರದ ಕಡೆ ಜುಲೈಯಲ್ಲಿ ಒಗೆದ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ. ಶಿವಮೊಗ್ಗ ಪೇಟೆಯಲ್ಲಿ ಮಳೆ ಅಷ್ಟಿಲ್ಲ, ಆದರೂ ಗಾಳಿಯ ತೇವ ಕಡಿಮೆಯೇನಲ್ಲ.

ನನ್ನ ಲೆಕ್ಕ ಹೀಗೆ. ಆರಿದ್ರಾ ಮಳೆಯಿಂದ ಆಶ್ಲೇಷಾ ಮಳೆ ಮುಗಿಯುವ ತನಕ ಹೊರಮೈಗೆ ಹೊಡೆಯುವ ಬಣ್ಣದ ಡಬ್ಬಿ ಮುಚ್ಚಿಯೇ ಇರಲಿ. ಆ ತಿಂಗಳುಗಳಲ್ಲಿ ಕತ್ತರಿಸುವುದು, ಉಜ್ಜುವುದು, ಅಂಟಿಸುವುದು, ಕಾಕ್‌ಪಿಟ್‌ನ ಚಿಕ್ಕ ಚಿಕ್ಕ ಕೆಲಸ. ಹೊರಗೆ ಹೋಗಲಾಗದ ಸಂಜೆಗಳಿಗೆ ಹೇಳಿ ಮಾಡಿಸಿದ ಕೆಲಸ ಇವು, ಅಲ್ವಾ? ಕರೆಂಟ್ ಹೋದರೂ ಎಮರ್ಜೆನ್ಸಿ ಲೈಟ್ ಹಚ್ಚಿಕೊಂಡು ಮುಂದುವರಿಸಬಹುದು. ದೀಪಾವಳಿ ಕಳೆದು ಒಣ ಗಾಳಿ ಶುರುವಾದ ಮೇಲೆ ಹೊರಮೈಯ ಬಣ್ಣಕ್ಕೆ ಏರ್‌ಬ್ರಶ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನು) ಹೊರಗೆ ತೆಗೆಯಿರಿ. ನವೆಂಬರ್‌ನಿಂದ ಮಾರ್ಚ್ ತನಕ ಬಣ್ಣ ಮತ್ತು ವಾರ್ನಿಷ್‌ಗೆ ಒಳ್ಳೆಯ ಕಾಲ. ಅದರಲ್ಲೂ ಮಂಜು ಕರಗಿದ ಮೇಲೆ, ಹನ್ನೊಂದು ಗಂಟೆಯಿಂದ ಮೂರು ಗಂಟೆ ಒಳಗೆ.

ಸಾಮಾನು

ಬಹಳಷ್ಟು ನಮ್ಮೂರಲ್ಲೇ ಸಿಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ವಾಟರ್ ಪೇಪರ್ ಕೇಳಿ: 400, 600, 1000, 2000 ನಂಬರಿನವು. ಐಸ್‌ಕ್ರೀಮ್ ಕಡ್ಡಿಗೆ ಅಂಟಿಸಿಕೊಂಡರೆ ಉಜ್ಜುವ ಕಡ್ಡಿ ತಯಾರು. ಏರ್‌ಬ್ರಶ್ ತೊಳೆಯಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು, ಮೊಬೈಲ್ ರಿಪೇರಿ ಮಾಡುವವರು ಅದನ್ನೇ ಬಳಸುತ್ತಾರೆ. ಫೆವಿಕಾಲ್, ಫೆವಿಕ್ವಿಕ್, ಕ್ಯಾಮೆಲ್ ಆಯಿಲ್ ಕಲರ್ ಸ್ಟೇಷನರಿ ಅಂಗಡಿಯಲ್ಲಿ. ಇನ್ನುಳಿದದ್ದನ್ನು ಬೆಂಗಳೂರಿನಿಂದಲೋ ಆನ್‌ಲೈನ್‌ನಲ್ಲೋ ತರಿಸಬೇಕು. ಮಾಡೆಲ್‌ಗಾಗಿಯೇ ಇರುವ ಚೂಪು ಕಟ್ಟರ್, ಹಾಬಿ ಚಾಕು, ಸಣ್ಣ ಚಿಮಟ, ಟಮಿಯಾ ಮಾಸ್ಕಿಂಗ್ ಟೇಪ್, ಹಸಿರು ಮುಚ್ಚಳದ ಟಮಿಯಾ ಎಕ್ಸ್‌ಟ್ರಾ ಥಿನ್ ಅಂಟು. ಇದರಲ್ಲಿ ದುಡ್ಡು ಉಳಿಸಬೇಡಿ. ಮುಖ್ಯವಾಗಿ ಕಟ್ಟರ್‌ನಲ್ಲಿ. ಎಲೆಕ್ಟ್ರಿಷಿಯನ್ ಕಟ್ಟರ್ ಹಾಕಿದರೆ ಬಿಡಿಭಾಗ ಕತ್ತರಿಸುವುದಿಲ್ಲ, ಹರಿಯುತ್ತದೆ.

ತೇವ ಅಳೆಯುವ ಒಂದು ಚಿಕ್ಕ ಹೈಗ್ರೋಮೀಟರ್ ತಗೊಳ್ಳಿ. ಕೆಲವು ನೂರು ರೂಪಾಯಿಯ ಯಂತ್ರ. ನಮ್ಮ ಕಡೆ ಏರ್‌ಬ್ರಶ್‌ನಷ್ಟೇ ಮುಖ್ಯ.

ಕಾಕ್‌ಪಿಟ್

ಡಬ್ಬಿ ತೆರೆದ ಮೇಲೆ ಬಿಡಿಭಾಗಗಳನ್ನು ಚೌಕಟ್ಟಿನಿಂದ ಬಿಡಿಸದೆ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ ತೊಳೆಯಿರಿ. ಅಚ್ಚಿನಿಂದ ಬಂದ ಎಣ್ಣೆಯ ಪಸೆ ಇದ್ದರೆ ಬಣ್ಣ ಹಿಡಿಯುವುದಿಲ್ಲ. ಫ್ಯಾನ್ ಕೆಳಗೆ ಒಂದು ರಾತ್ರಿ ಬಿಡಿ.

ಹರಿಕೇನ್ ಕಾಕ್‌ಪಿಟ್‌ನ ವಿಶೇಷ ಏನೆಂದರೆ ಅದಕ್ಕೆ ನೆಲವೇ ಇಲ್ಲ. ಪೈಲಟ್‌ನ ಕಾಲಿಡಲು ಎರಡು ಉದ್ದ ತೊಟ್ಟಿಗಳು ಮಾತ್ರ. ಅವುಗಳ ಆಚೀಚೆ ಬರೀ ಕೊಳವೆಗಳು, ಕೆಳಗೆ ಕತ್ತಲು. ಆದ್ದರಿಂದ ಒಳಗಿನ ಗೋಡೆಗೆ ಮೊದಲು ಕಪ್ಪು ಹೊಡೆಯಿರಿ. ಅದರ ಮೇಲೆ ಮೇಲ್ಗಡೆಯಿಂದ ಮಾತ್ರ ಬ್ರಿಟಿಷ್ ವಿಮಾನಗಳ ಒಳಗಿನ ಬೂದು ಹಸಿರು ಬರಲಿ. ಕೆಳಗೆ ಹೋದ ಹಾಗೆ ಕತ್ತಲು ತಾನಾಗಿ ಉಳಿಯುತ್ತದೆ. ಒಣಗಿದ ಮೇಲೆ ಕಡು ಕಂದು ಆಯಿಲ್ ಕಲರನ್ನು ಮಿನರಲ್ ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಕಲಸಿ ಕೊಳವೆಗಳ ಸಂದಿಗೆ ಬಿಡಿ. ಕೊನೆಗೆ ಸ್ವಲ್ಪ ತಿಳಿ ಹಸಿರನ್ನು ಬ್ರಶ್‌ಗೆ ತಾಗಿಸಿ, ಬಟ್ಟೆಗೆ ಒರೆಸಿ, ಉಳಿದಷ್ಟನ್ನು ಕೊಳವೆಗಳ ಉಬ್ಬಿನ ಮೇಲೆ ಸವರಿ.

ಸೀಟ್ ಬೆಲ್ಟ್ ಬಗ್ಗೆ ಎರಡು ಮಾತು. ಮೇಲಿನಿಂದ ನೋಡಿದವರ ಕಣ್ಣಿಗೆ ಮೊದಲು ಬೀಳುವುದು ಅದೇ. ನಿಜವಾದ ಬೆಲ್ಟ್ 5 ಸೆಂ.ಮೀ. ಅಗಲ ಅಂತ ಇಟ್ಟುಕೊಂಡರೆ 1/72ರಲ್ಲಿ 0.7 ಮಿ.ಮೀ. ಮಾಸ್ಕಿಂಗ್ ಟೇಪನ್ನು ಗಾಜಿನ ಮೇಲೆ ಅಂಟಿಸಿ, ಹೊಸ ಬ್ಲೇಡಿನಿಂದ ಆ ಅಗಲಕ್ಕೆ ಸೀಳಿ. ನಸು ಹಳದಿ ಬಣ್ಣ ಹಚ್ಚಿ. ಸೀಟಿನ ಬೆನ್ನಿನಿಂದ ಕೆಳಗೆ ಇಳಿಬಿಡುವಾಗ ಸ್ವಲ್ಪ ಸೊಟ್ಟಗೆ, ಸಡಿಲವಾಗಿ ಬೀಳಲಿ. ನೆಟ್ಟಗೆ ಕೂತ ಬೆಲ್ಟ್ ಬಟ್ಟೆಯಂತೆ ಕಾಣುವುದಿಲ್ಲ. ಬಕಲ್‌ಗೆ ಒಂದು ಚುಕ್ಕಿ ಬೆಳ್ಳಿ ಬಣ್ಣ ಸಾಕು.

ಮೀಟರ್ ಬೋರ್ಡ್‌ಗೆ ಕಿಟ್‌ನಲ್ಲಿರುವ ಡೆಕಾಲ್ (ನೀರಲ್ಲಿ ಅದ್ದಿ ಅಂಟಿಸುವ ತೆಳು ಚಿತ್ರ) ಹಾಕಿ. ನಡುವೆ ಆರು ಮೀಟರ್‌ಗಳ ಗುಂಪು ಕಾಣುತ್ತದೆ: ವೇಗ, ಕೃತಕ ದಿಗಂತ, ಏರಿಳಿತದ ವೇಗ, ಎತ್ತರ, ದಿಕ್ಕು, ತಿರುವು. ಆಗಿನ ಬ್ರಿಟಿಷ್ ವಿಮಾನಗಳಲ್ಲಿ ಈ ಜೋಡಣೆ ಒಂದೇ ರೀತಿ. ಮೋಡದ ಒಳಗೆ ಕುರುಡಾಗಿ ಹಾರುವಾಗ ಪೈಲಟ್‌ಗೆ ಇದೇ ದಾರಿ ತೋರಿಸುತ್ತಿತ್ತು. ಪ್ರತಿ ಮೀಟರ್ ಮೇಲೆ ಹೊಳಪಿನ ವಾರ್ನಿಷ್‌ನ ಒಂದೊಂದು ಹನಿ ಇಡಿ, ಗಾಜಿನಂತೆ ಕಾಣುತ್ತದೆ.

ಮೈ ಕೂಡಿಸುವುದು

ಅಂಟು ಹಾಕುವ ಮುಂಚೆ ಎರಡು ಹೋಳುಗಳನ್ನು ಟೇಪಿನಿಂದ ಕಟ್ಟಿ ನೋಡಿ. ಕಾಕ್‌ಪಿಟ್ ಒಳಗಿಟ್ಟು ನೋಡಿ. ರೆಕ್ಕೆಯನ್ನೂ ಕೆಳಗಿನಿಂದ ಹಿಡಿದು ನೋಡಿ. ಎಲ್ಲಿ ತಡೆಯುತ್ತದೋ ಅಲ್ಲಿ ಒಳಗಿನಿಂದ ಉಜ್ಜಿ. ಎಲ್ಲ ಕೂತ ಮೇಲೆ ತೆಳು ಅಂಟಿನ ಬ್ರಶ್ ತುದಿಯನ್ನು ಸಂದಿಗೆ ತಾಗಿಸಿ. ಅಂಟು ತಾನೇ ಒಳಗೆ ಹರಿದು ಪ್ಲಾಸ್ಟಿಕ್ ಕರಗಿಸುತ್ತದೆ. ಅರ್ಧ ನಿಮಿಷ ಬಿಟ್ಟು ಹೋಳುಗಳನ್ನು ಮೆಲ್ಲಗೆ ಒತ್ತಿದರೆ ಕರಗಿದ ಪ್ಲಾಸ್ಟಿಕ್ ಸಣ್ಣ ಗೆರೆಯಾಗಿ ಹೊರಗೆ ಉಬ್ಬುತ್ತದೆ. ಅದು ಒಳ್ಳೆಯದು, ಪುಟ್ಟಿಯ ಕೆಲಸ ಅಲ್ಲೇ ಮುಗಿಯಿತು. ಒಂದು ದಿನ ಪೂರ್ತಿ ಬಿಡಿ. ಆಮೇಲೆ ಆ ಉಬ್ಬನ್ನು ಚಾಕುವಿನಿಂದ ಕೆರೆದು ತೆಗೆಯಿರಿ.

ಈಗ ಬಂತು ಬಟ್ಟೆಯ ಪ್ರಶ್ನೆ. ಮೂತಿಯ ಭಾಗ ಲೋಹ, ಅಲ್ಲಿ ಜೋಡಣೆಯ ಗೆರೆ ಪೂರ್ತಿ ಹೋಗುವ ತನಕ 400, 600, 1000 ಅಂತ ಉಜ್ಜಬಹುದು. ಕಾಕ್‌ಪಿಟ್ ಹಿಂದೆ ಹಾಗೆ ಉಜ್ಜಿದರೆ ಬಟ್ಟೆಯ ಕೆಳಗಿನ ಮರದ ಪಟ್ಟಿಗಳ ಉಬ್ಬು ಅಳಿಸಿಹೋಗುತ್ತದೆ. ಅದು ಹೋದರೆ ಹರಿಕೇನ್‌ನ ಮುಖವೇ ಹೋದ ಹಾಗೆ. ಅಲ್ಲಿ ಎರಡು ಮಿ.ಮೀ. ಅಗಲದ ಕಡ್ಡಿಗೆ 1000 ನಂಬರಿನ ಪೇಪರ್ ಅಂಟಿಸಿ, ನೀರು ತಾಗಿಸಿಕೊಂಡು, ಉದ್ದಕ್ಕೆ ಮಾತ್ರ ಎಳೆಯಿರಿ. ಅಡ್ಡ ಉಜ್ಜಲೇಬಾರದು. ಪಕ್ಕದ ಉಬ್ಬುಗಳಿಗೆ ಟೇಪ್ ಹಾಕಿ ಮುಚ್ಚಿಕೊಳ್ಳಿ. ಜೋಡಣೆ ಸರಿಯಾಗಿದೆಯೋ ಇಲ್ಲವೋ ನೋಡಲು ಬೆಳ್ಳಿ ಬಣ್ಣದ ಮಾರ್ಕರ್‌ನಿಂದ ಗೆರೆ ಮೇಲೆ ಎಳೆಯಿರಿ. ಬಿರುಕು ಇದ್ದರೆ ಬೆಳ್ಳಿ ಅದನ್ನು ಎತ್ತಿ ತೋರಿಸುತ್ತದೆ.

ರೆಕ್ಕೆಯಲ್ಲಿ ನೋಡಬೇಕಾದ್ದು ಒಂದೇ. ಹರಿಕೇನ್‌ನ ರೆಕ್ಕೆಯ ನಡುಭಾಗ ಮಟ್ಟಸ, ಚಕ್ರದಿಂದ ಆಚೆ ಮಾತ್ರ ಮೇಲಕ್ಕೆ ಏರುತ್ತದೆ. ಎರಡೂ ತುದಿ ಮೇಜಿನಿಂದ ಒಂದೇ ಎತ್ತರದಲ್ಲಿರಬೇಕು. ರಟ್ಟು ಕತ್ತರಿಸಿ ಎರಡೂ ಕಡೆ ಆಧಾರ ಇಟ್ಟು ಒಣಗಲು ಬಿಡಿ. ಎದುರಿನಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ತಪ್ಪು ಗೊತ್ತಾಗುತ್ತದೆ.

ಮಾರ್ಕ್ 2ಸಿಯಲ್ಲಿ 20 ಮಿ.ಮೀ.ನ ನಾಲ್ಕು ತೋಪುಗಳು ರೆಕ್ಕೆಯಿಂದ ಮುಂದಕ್ಕೆ ಚಾಚಿರುತ್ತವೆ. ಕಿಟ್‌ನ ನಳಿಗೆಯ ತುದಿ ಮುಚ್ಚಿರುತ್ತದೆ. ಮೆಡಿಕಲ್ ಶಾಪ್‌ನಿಂದ 26 ನಂಬರಿನ ಹೊಸ ಇಂಜೆಕ್ಷನ್ ಸೂಜಿ ತನ್ನಿ. ಅದರ ಹೊರ ಅಳತೆ ಸುಮಾರು 0.46 ಮಿ.ಮೀ., 72ರಿಂದ ಗುಣಿಸಿದರೆ 33 ಮಿ.ಮೀ. ನಳಿಗೆಯ ತುದಿಗೆ ಸರಿಹೊಂದುತ್ತದೆ, ತೂತೂ ಇರುತ್ತದೆ. ಸೂಜಿಯನ್ನು ಅರದಿಂದ ಸುತ್ತಲೂ ಗೀರಿ, ಆಮೇಲೆ ಮುರಿಯಿರಿ. ಕನ್ನಡಕ ಹಾಕಿಕೊಳ್ಳಿ, ತುಂಡು ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗದು. ಚೂಪು ತುದಿಯನ್ನು ಮಕ್ಕಳ ಕೈಗೆ ಸಿಗದಂತೆ ಬಾಟಲಿಗೆ ಹಾಕಿ ಎಸೆಯಿರಿ.

ಗಾಜಿನ ಭಾಗ

ಕ್ಯಾನೊಪಿಗೆ, ಅಂದರೆ ಕಾಕ್‌ಪಿಟ್ ಮೇಲಿನ ಗಾಜಿನ ಮುಚ್ಚಳಕ್ಕೆ, ಫೆವಿಕ್ವಿಕ್ ಮುಟ್ಟಿಸಬೇಡಿ. ಅದರ ಆವಿ ಗಾಳಿಯ ತೇವದ ಜೊತೆ ಸೇರಿ ಸುತ್ತಮುತ್ತ ಬಿಳಿ ಪುಡಿಯಾಗಿ ಕೂರುತ್ತದೆ. ನಮ್ಮ ಹವೆಯಲ್ಲಿ ಇದು ಇನ್ನೂ ಜಾಸ್ತಿ, ಗಾಜು ಮಬ್ಬಾಗಿ ಹಾಳಾಗುತ್ತದೆ. ಫೆವಿಕಾಲ್ ಸಾಕು. ಒಣಗಿದ ಮೇಲೆ ಪಾರದರ್ಶಕವಾಗುತ್ತದೆ, ಹೊರಗೆ ಚೆಲ್ಲಿದ್ದನ್ನು ಒದ್ದೆ ಹತ್ತಿಯಿಂದ ಒರೆಸಬಹುದು. ಕ್ಯಾನೊಪಿಯ ಚೌಕಟ್ಟಿಗೆ ಬಣ್ಣ ಹೊಡೆಯಲು ಪ್ರತಿ ಗಾಜಿಗೂ ಟೇಪ್ ಕತ್ತರಿಸಿ ಮುಚ್ಚಬೇಕು. ಹರಿಕೇನ್‌ಗೆ ಚೌಕಟ್ಟುಗಳು ತುಂಬಾ. ಒಂದು ಸಂಜೆ ಇದಕ್ಕೇ ಹೋಗುತ್ತದೆ, ಹೋಗಲಿ. ಮೊದಲು ಒಳಗಿನ ಹಸಿರು ಹೊಡೆಯಿರಿ, ಅದರ ಮೇಲೆ ಹೊರಗಿನ ಬಣ್ಣ. ಒಳಗಿನಿಂದ ನೋಡಿದಾಗ ಚೌಕಟ್ಟು ಹಸಿರಾಗಿಯೇ ಕಾಣುತ್ತದೆ.

ಬಣ್ಣ

ಬಣ್ಣ ಯಾಕೆ ಬೆಳ್ಳಗಾಗುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಬಣ್ಣದಲ್ಲಿರುವ ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈಯ ಶಾಖ ಎಳೆದುಕೊಳ್ಳುತ್ತದೆ. ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ನೀರಾಗಿ ಕೂರುತ್ತದೆ. ಆ ನೀರು ಬಣ್ಣದೊಳಗೆ ಸಿಕ್ಕಿಕೊಂಡು ಬಿಳಿ ಮಬ್ಬಾಗುತ್ತದೆ. ಲ್ಯಾಕರ್ ಬಣ್ಣ ಮತ್ತು ವಾರ್ನಿಷ್‌ಗಳಲ್ಲಿ ಇದು ಹೆಚ್ಚು. ಹೈಗ್ರೋಮೀಟರ್ ಶೇ. 65ರ ಕೆಳಗಿದ್ದರೆ ಧೈರ್ಯವಾಗಿ ಹೊಡೆಯಿರಿ. 80ರ ಮೇಲಿದ್ದರೆ ಆ ದಿನ ಬೇರೆ ಕೆಲಸ ನೋಡಿ. ನಡುವೆ ಇದ್ದರೆ ತೆಳು ತೆಳುವಾಗಿ, ಪ್ರತಿ ಕೋಟ್ ನಡುವೆ ಬಿಡುವು ಕೊಟ್ಟು.

ಕಂಪ್ರೆಸರ್‌ಗೆ ನೀರು ಹಿಡಿಯುವ ಟ್ರ್ಯಾಪ್ ಇರಲೇಬೇಕು. ಟ್ಯಾಂಕ್ ಇದ್ದರೆ ಪ್ರತಿ ಸಲ ಕೆಳಗಿನ ತಿರುಪು ಬಿಚ್ಚಿ ನೀರು ಹೊರಗೆ ಬಿಡಿ. ಒಣಗಿಸಲು ಮುಚ್ಚಳ ಇರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿಡಿ. ಧೂಳೂ ಬೀಳುವುದಿಲ್ಲ. ಅಡಿಕೆ ಡ್ರೈಯರ್ ಇರುವ ಮನೆಯವರಿಗೆ ಅದರಲ್ಲಿ ಇಡುವ ಆಸೆ ಆಗಬಹುದು. ಬೇಡ. ಕಾವು 40 ಡಿಗ್ರಿ ದಾಟದಿರುವುದೇ ಒಳ್ಳೆಯದು, ತೆಳ್ಳಗಿನ ಭಾಗಗಳು ಬಾಗುತ್ತವೆ.

ಬೂದು ಪ್ರೈಮರ್ ಮೊದಲು. ಅದು ಉಳಿದ ಬಿರುಕುಗಳನ್ನು ತೋರಿಸುತ್ತದೆ. ಸರಿಪಡಿಸಿ, ಮತ್ತೆ ಪ್ರೈಮರ್. ಆಮೇಲೆ ಕೆಳಭಾಗದಿಂದ ಶುರು ಮಾಡಿ. ಇಂಫಾಲವೂ ಸೇರಿದ ಬರ್ಮಾ ಯುದ್ಧರಂಗದ ಹರಿಕೇನ್‌ಗಳಲ್ಲಿ ಸಾಮಾನ್ಯವಾಗಿ ಹೊಟ್ಟೆಗೆ ಮೀಡಿಯಂ ಸೀ ಗ್ರೇ, ಬೆನ್ನಿಗೆ ಡಾರ್ಕ್ ಅರ್ಥ್ ಕಂದು ಮತ್ತು ಡಾರ್ಕ್ ಗ್ರೀನ್. ಟಮಿಯಾದಲ್ಲಿ ಎಕ್ಸ್‌ಎಫ್-83 ಆ ಬೂದು, ಎಕ್ಸ್‌ಎಫ್-81 ಆ ಹಸಿರು, ಕಂದಿಗೆ ಎಕ್ಸ್‌ಎಫ್-52 ಹತ್ತಿರವಾಗುತ್ತದೆ. ಮೂರಕ್ಕೂ ನಾಲ್ಕೈದು ಹನಿ ಬಿಳಿ ಸೇರಿಸಿ. ಚಿಕ್ಕ ವಸ್ತುವಿನ ಮೇಲೆ ಅಚ್ಚ ಬಣ್ಣ ಕಡುವಾಗಿ ಕಾಣುತ್ತದೆ. ಬಣ್ಣ ಹಾಲಿನ ಹದಕ್ಕೆ ತೆಳ್ಳಗಾಗಬೇಕು. 0.3 ಮಿ.ಮೀ. ನಾಜಲ್, ಒತ್ತಡ 15 ಪಿಎಸ್ಐ ಆಸುಪಾಸು.

ಹಸಿರು ಮತ್ತು ಕಂದು ಸೇರುವ ಅಂಚು ಎಷ್ಟು ಮೃದುವಾಗಿರಬೇಕು? ನಿಜದಲ್ಲಿ ಒಂದು ಇಂಚು ಹರಡಿದ್ದರೂ ನಮ್ಮ ಅಳತೆಯಲ್ಲಿ 0.35 ಮಿ.ಮೀ. ಅಂದರೆ ಹೆಚ್ಚು ಕಡಿಮೆ ಸ್ಪಷ್ಟ ಗೆರೆಯೇ. ಬ್ಲೂ ಟ್ಯಾಕನ್ನು (ಗೋಡೆಗೆ ಪೋಸ್ಟರ್ ಅಂಟಿಸುವ ಮೆತ್ತನೆ ಅಂಟು) ತೆಳ್ಳಗೆ ಹೊಸೆದು ಅಂಚಿನುದ್ದಕ್ಕೆ ಇಟ್ಟು, ಉಳಿದದ್ದನ್ನು ಟೇಪಿನಿಂದ ಮುಚ್ಚಿ, ನೇರ ಮೇಲಿನಿಂದ ಹೊಡೆಯಿರಿ. ಪ್ರೊಪೆಲ್ಲರ್ ಕಪ್ಪು, ತುದಿಗೆ ಹಳದಿ. ನಿಜದಲ್ಲಿ ನಾಲ್ಕು ಇಂಚು, ಇಲ್ಲಿ 1.4 ಮಿ.ಮೀ.

ಡೆಕಾಲ್

ಡೆಕಾಲ್ ಹಾಳೆಗೆ ಮಲೆನಾಡಿನ ತೇವ ದೊಡ್ಡ ಶತ್ರು. ಕಿಟ್ ಬಂದ ದಿನವೇ ಅದನ್ನು ಜಿಪ್ ಕವರ್‌ಗೆ ಸಿಲಿಕಾ ಜೆಲ್ ಜೊತೆ ಹಾಕಿಡಿ. ಹಳದಿಯಾದ ಹಾಳೆ ಸಿಕ್ಕಿದರೆ ಬಿಸಿಲು ಬೀಳುವ ಕಿಟಕಿ ಗಾಜಿಗೆ ಒಳಗಿನಿಂದ ಅಂಟಿಸಿ. ಕೆಲವು ದಿನದಲ್ಲಿ ಬೆಳ್ಳಗಾಗುತ್ತದೆ.

ಮೊದಲು ಇಡೀ ಮಾಡೆಲ್‌ಗೆ ಹೊಳಪಿನ ಅಕ್ರಿಲಿಕ್ ವಾರ್ನಿಷ್. ಒರಟು ಮೇಲ್ಮೈ ಮೇಲೆ ಡೆಕಾಲ್ ಹಾಕಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಹೊಳೆಯುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಅರ್ಧ ನಿಮಿಷ ಅದ್ದಿ, ಹೊರಗೆ ತೆಗೆದು ಕಾಯಿರಿ, ತಾನಾಗಿ ಜಾರುವಾಗ ಮಾಡೆಲ್ ಮೇಲೆ ಸರಿಸಿ. ಹಿಂಭಾಗದ ಬಟ್ಟೆಯ ಉಬ್ಬುಗಳ ಮೇಲೆ ಕೂರಬೇಕಾದರೆ ಮೈಕ್ರೋ ಸಾಲ್‌ನಂಥ ಮೆದುಗೊಳಿಸುವ ದ್ರವ ಬೇಕು. ಹಚ್ಚಿದ ಮೇಲೆ ಡೆಕಾಲ್ ಸುಕ್ಕಾಗುತ್ತದೆ. ಗಾಬರಿಯಿಂದ ಮುಟ್ಟಬೇಡಿ, ಸುಮ್ನೆ ಬಿಡಿ. ಒಣಗುತ್ತಾ ಉಬ್ಬಿಗೆ ಅಂಟಿಕೊಳ್ಳುತ್ತದೆ.

ಯಾವ ಗುರುತು ಅನ್ನುವುದನ್ನು ಗಮನಿಸಿ. ಬರ್ಮಾ ರಂಗದಲ್ಲಿ ಬ್ರಿಟಿಷ್ ಮತ್ತು ಭಾರತೀಯ ವಿಮಾನಗಳ ಮೈಮೇಲಿನ ಗುರುತಿನ ವೃತ್ತದಿಂದ ಕೆಂಪನ್ನು ತೆಗೆದಿದ್ದರು. ಜಪಾನಿ ವಿಮಾನಗಳ ಕೆಂಪು ಸೂರ್ಯ ಅಂತ ತಪ್ಪಾಗಿ ತಿಳಿದು ನಮ್ಮವರೇ ಗುಂಡು ಹಾರಿಸಬಾರದಲ್ಲ. ಕಡು ನೀಲಿ ವೃತ್ತ, ನಡುವೆ ತಿಳಿ ನೀಲಿ. ಇಂಫಾಲದ ಹರಿಕೇನ್ ಕಟ್ಟುವವರು ಡಬ್ಬಿಯಲ್ಲಿರುವ ಯುರೋಪಿನ ಕೆಂಪು-ಬಿಳಿ-ನೀಲಿ ವೃತ್ತ ಹಾಕಬಾರದು.

ಬಳಕೆಯ ಗುರುತು

ಇಲ್ಲಿ ಬಟ್ಟೆ ಮತ್ತು ಲೋಹದ ಲೆಕ್ಕ ಪೂರ್ತಿ ಕೆಲಸಕ್ಕೆ ಬರುತ್ತದೆ. ತಗಡುಗಳ ನಡುವಿನ ಗೆರೆಗಳಿಗೆ ಕಪ್ಪು ಮತ್ತು ಬರ್ನ್ಟ್ ಅಂಬರ್ ಆಯಿಲ್ ಕಲರನ್ನು ಟರ್ಪೆಂಟೈನ್‌ನಲ್ಲಿ ಕಲಸಿ ಬಿಡಿ, ಇಪ್ಪತ್ತು ನಿಮಿಷ ಬಿಟ್ಟು ಗಾಳಿ ಹರಿಯುವ ದಿಕ್ಕಿಗೆ ಒರೆಸಿ. ಕಾಕ್‌ಪಿಟ್ ಹಿಂದೆ ತಗಡಿನ ಗೆರೆಗಳೇ ಇಲ್ಲ. ಅಲ್ಲಿ ಕಪ್ಪು ತುಂಬಬೇಡಿ. ಬದಲಿಗೆ ಪಟ್ಟಿಗಳ ನಡುವಿನ ತಗ್ಗಿಗೆ ಮೂಲ ಬಣ್ಣದ್ದೇ ಸ್ವಲ್ಪ ಕಡು ಛಾಯೆ ತೆಳ್ಳಗೆ ಕೊಡಿ.

ಬಣ್ಣ ಕಿತ್ತು ಬೆಳ್ಳಿ ಕಾಣುವುದು ಲೋಹದ ಮೇಲೆ ಮಾತ್ರ. ಪೈಲಟ್ ಮತ್ತು ಮೆಕ್ಯಾನಿಕ್‌ಗಳು ಹತ್ತಿ ಇಳಿಯುವ ರೆಕ್ಕೆಯ ಬುಡ, ಎಂಜಿನ್ ಮುಚ್ಚಳದ ತಿರುಪುಗಳ ಸುತ್ತ, ತೋಪಿನ ಮುಚ್ಚಳದ ಅಂಚು. ಚೂಪು ಬ್ರಶ್ ಅಥವಾ ಸ್ಪಂಜಿನ ಚೂರಿನಿಂದ ಅಲ್ಲಲ್ಲಿ ತಾಗಿಸಿ. ಬಟ್ಟೆಯ ಮೇಲೆ ಒಂದು ಚುಕ್ಕಿ ಬೆಳ್ಳಿ ಇಟ್ಟರೂ ಅದು ತಪ್ಪು. ಬಟ್ಟೆ ಮಾಸುತ್ತದೆ, ಬಿಸಿಲಿಗೆ ತಿಳಿಯಾಗುತ್ತದೆ, ತೇಪೆ ಬೀಳುತ್ತದೆ. ಒಂದು ಚೌಕ ತೇಪೆಯನ್ನು ಹೊಸ ಹಸಿರಿನಲ್ಲಿ ತೋರಿಸಿದರೆ ಎಷ್ಟು ನಿಜ ಅನ್ನಿಸುತ್ತದೆ ನೋಡಿ. ಎಂಜಿನ್ ಹೊಗೆಯ ಕಪ್ಪು ಕಲೆ ಕೊಳವೆಗಳಿಂದ ಹಿಂದಕ್ಕೆ ರೆಕ್ಕೆಯ ಬುಡದ ಮೇಲೆ ಹಾಯುತ್ತದೆ. ಕಪ್ಪಿಗಿಂತ ಕಂದು ಬೂದು ಒಳ್ಳೆಯದು, ತುಂಬಾ ತೆಳುವಾಗಿ.

ಚಕ್ರಕ್ಕೆ ಮಣ್ಣು ಹಾಕುವಾಗ ಅಂಗಳದ ಜಂಬಿಟ್ಟಿಗೆ ಮಣ್ಣೇ ಮೊದಲು ನೆನಪಾಗುತ್ತದೆ. ಆದರೆ ಇಂಫಾಲ ಕಣಿವೆ ನದಿ ತಂದ ಮೆಕ್ಕಲು ಮಣ್ಣಿನ ಜಾಗ. ತುಂಗೆಯ ದಡದ ನುಣ್ಣನೆ ಮಣ್ಣು ಅದಕ್ಕೆ ಹತ್ತಿರ. ಬಾಣಲೆಯಲ್ಲಿ ಚೆನ್ನಾಗಿ ಹುರಿಯಿರಿ, ಇಲ್ಲದಿದ್ದರೆ ಮಾಡೆಲ್ ಮೇಲೆ ಬೂಸ್ಟು ಬರುತ್ತದೆ. ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಕಲಸಿ ಹಚ್ಚಿ.

ಇನ್ನುಳಿದ ಚಿಲ್ಲರೆ ಕೆಲಸ: ರೆಕ್ಕೆ ತುದಿಯ ದೀಪ ಪೈಲಟ್‌ನ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಕಾಕ್‌ಪಿಟ್ ಹಿಂದಿನ ಕಂಬದಿಂದ ಬಾಲಕ್ಕೆ ರೇಡಿಯೋ ಆಂಟೆನಾ ತಂತಿ ಎಳೆಯುವ ಆಸೆ ಎಲ್ಲರಿಗೂ ಇರುತ್ತದೆ. ವಿಎಚ್ಎಫ್ (ಅತಿ ಹೆಚ್ಚು ಆವರ್ತನದ) ರೇಡಿಯೋ ಬಂದ ಮೇಲೆ ಆ ತಂತಿ ಹೋಯಿತು, ಕಂಬ ಮಾತ್ರ ಉಳಿಯಿತು. ನೀವು ಕಟ್ಟುವ ವಿಮಾನದ ಫೋಟೋ ನೋಡಿ ತೀರ್ಮಾನಿಸಿ. ಮೂತಿಯ ಕೆಳಗಿನ ದಪ್ಪ ಧೂಳು ಫಿಲ್ಟರ್‌ಗೂ ಇದೇ ಮಾತು. ದೆಹಲಿಯ ಪಾಲಂನಲ್ಲಿರುವ ವಾಯುಪಡೆ ಮ್ಯೂಸಿಯಂನಲ್ಲಿ ಒಂದು ನಿಜವಾದ ಹರಿಕೇನ್ ಇದೆ. ಆ ಕಡೆ ಹೋದರೆ ಹಿಂಭಾಗದ ಬಟ್ಟೆಯ ಉಬ್ಬುಗಳನ್ನು ಹತ್ತಿರದಿಂದ ನೋಡಿ ಬನ್ನಿ.

ಕೊನೆಯ ಮ್ಯಾಟ್ (ಹೊಳಪಿಲ್ಲದ) ವಾರ್ನಿಷನ್ನು ಒಣ ದಿನವೇ ಹೊಡೆಯಬೇಕು. ತೇವ ಇದ್ದರೆ ಅದೂ ಬೆಳ್ಳಗಾಗುತ್ತದೆ, ಅಷ್ಟು ತಿಂಗಳ ಕೆಲಸದ ಮೇಲೆ ಮಬ್ಬು ಕೂರುತ್ತದೆ. ಮೊದಲು ಹಳೆಯ ಪ್ಲಾಸ್ಟಿಕ್ ಚಮಚದ ಮೇಲೆ ಹೊಡೆದು ಒಂದು ಗಂಟೆ ಕಾಯಿರಿ. ಚಮಚ ಚೆನ್ನಾಗಿದ್ದರೆ ಮಾಡೆಲ್‌ಗೆ. ಆಮೇಲೆ ಕ್ಯಾನೊಪಿಯ ಟೇಪ್ ಬಿಡಿಸಿ. ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ, ಒದ್ದೆ ಗೋಡೆಗೆ ತಾಗದಂತೆ, ಒಂದು ಮೂಲೆಯಲ್ಲಿ ಸಿಲಿಕಾ ಜೆಲ್ ಇಟ್ಟು ಇಡಿ. ನೀಲಿ ಬಣ್ಣದ ಸಿಲಿಕಾ ಜೆಲ್ ತೇವ ಹೀರಿ ಗುಲಾಬಿಯಾದಾಗ ಹೊರಗೆ ತೆಗೆದು ಕಾಯಿಸಿ, ನೀಲಿಗೆ ತಿರುಗಿದ ಮೇಲೆ ವಾಪಸ್ ಇಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡುತ್ತಿರಬೇಕು.